ಕುಮಾರಿ ಕಾರ್ನೇಲಿಯಾ ಸೊರಾಬ್ಜಿಯವರು

ಯೋಗ್ಯತೆಯುಳ್ಳವರಿಗೆ ಸರಕಾರವು ಕೊಡತಕ್ಕ ವಿದ್ಯಾರ್ಥಿವೇತನವು ಕೇವಲ ಹೆಣ್ಣೆಂಬ ಕಾರಣದಿಂದ ಒಬ್ಬಳಿಗೆ ತಪ್ಪಿಹೋಯಿತೆಂದರೆ ಇಂದಿನ ನಮ್ಮ ಹುಡುಗಿಯರು ನಂಬಲಾರರು. ಆದರೂ ಅದು ನಡೆದ ಸಂಗತಿ. ನಮ್ಮ ಉತ್ತರ ಕನ್ನಡ ಜಿಲ್ಲೆಯು ಯಾವ ಮುಂಬಯಿ ಇಲಾಖೆಗೆ 1862ರಲ್ಲಿ ಸೇರಿತೋ ಅದೇ ಇಲಾಖೆಯಲ್ಲಿ ನಡೆದ ಸಂಗತಿ. ಆದುದರಿಂದ ಹಳೆಯ ವಿದ್ಯಾರ್ಥಿನಿಯರೂ ತಾಯ್ತಂದೆಗಳೂ ಓದುವ ಈ ಸಂಚಿಕೆಯಲ್ಲಿ ಆ ವಿದುಷಿಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದು ಉಚಿತವೆಂದು ಭಾವಿಸುತ್ತೇನೆ.

ಕಾರ್ನೇಲಿಯಾ ಸೊರಾಬ್ಜಿಯವರು 1866ನೆಯ ಇಸವಿ ನವಂಬರ 15ರಂದು ನಾಸಿಕದಲ್ಲಿ ಜನಿಸಿದರು. ಅವರ ತಂದೆ ರೆವರೆಂಡ್ ಸೊರಾಬ್ಜಿ ಖರ್ಸೇಡ್ಜಿಯವರು ಪಾರಸಿ ಕುಲದಲ್ಲಿ ಹುಟ್ಟಿ ಕ್ರಿಸ್ತ ಮತವನ್ನು ಅವಲಂಬಿಸಿದವರು. ತಾಯಿ ಫ್ರಾನ್ಸಿನಾ ಅವರು ಪುಣೆಯಲ್ಲಿ ವಿಕ್ಟೋರಿಯಾ ಹೈಸ್ಕೂಲನ್ನು ಸ್ಥಾಪಿಸಿದ ಮಹಿಳೆ. ಬಾಲ್ಯದ ಮೊದಲ ದಿನಗಳು ನಮ್ಮ ಬೆಳಗಾವಿಯಲ್ಲಿಯೂ ಅನಂತರದ ದಿನಗಳು ಪುಣೆಯಲ್ಲಿಯೂ ಕಳೆದವು. ಮನೆಯಲ್ಲಿಯೂ ಮಿಶನ್ ಶಾಲೆಗಳಲ್ಲಿಯೂ ವಿದ್ಯಾಭ್ಯಾಸ ಮಾಡಿ, ಪುಣೆಯ ಡೆಕ್ಕನ್ ಕಾಲೇಜನ್ನು ಅವರು ಸೇರಿದರು. ಗಂಡಸರೇ ತುಂಬಿದ್ದ ಆ ತರಗತಿಗಳಲ್ಲಿ ಹೆಣ್ಣೊಬ್ಬಳು ಬಂದು ಕುಳಿತುದು ಎಲ್ಲರಿಗೂ ಹಿಡಿಸಲಿಲ್ಲ. ಅವರಾದರೋ ಅದನ್ನು ಲಕ್ಷಿಸದೆ ಪಾಠದಲ್ಲಿಯೇ ಮನಸ್ಸಿಟ್ಟು, ಬಿ.ಎ. ಪರೀಕ್ಷೆಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿ, ಮುಂಬಯಿ ವಿಶ್ವವಿದ್ಯಾನಿಲಯದ ಮೊದಲನೆಯ ಮಹಿಳಾ ಪದವೀಧರೆಯಾದರು.

ಆಗ ಪದವಿ ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದವರಿಗೆ ಇಂಗ್ಲಂಡಕ್ಕೆ ಹೋಗಿ ಓದಲು ಸರಕಾರದ ವಿದ್ಯಾರ್ಥಿವೇತನವಿತ್ತು. ಆ ಸ್ಥಾನವು ತಮ್ಮದಾಗಿತ್ತೆಂದು ಅವರು ಹೇಳಿಕೊಂಡಿದ್ದಾರೆ. ಅರ್ಹತೆಯಿದ್ದರೂ ವೇತನವು ದೊರೆಯಲಿಲ್ಲ. ಅದು ಪುರುಷರಿಗಾಗಿ ಇಟ್ಟದ್ದು, ಸ್ತ್ರೀಯರಿಗೆ ಸಲ್ಲದು ಎಂದಾಯಿತು. ಅಂಕಗಳಲ್ಲಿ ಕೊರತೆಯಿಲ್ಲ, ನಡತೆಯಲ್ಲಿ ದೋಷವಿಲ್ಲ, ಅರ್ಜಿಯಲ್ಲಿ ತಪ್ಪಿಲ್ಲ. ಆದರೂ ಬಾಗಿಲು ಮುಚ್ಚಿತು. ಎಷ್ಟೋ ಮಂದಿ ಅಲ್ಲಿಗೇ ನಿಲ್ಲುತ್ತಿದ್ದರು. ಇವರು ನಿಲ್ಲಲಿಲ್ಲ. ಅಹಮದಾಬಾದಿನ ಗುಜರಾತ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುವ ಕೆಲಸವನ್ನು ಹಿಡಿದು, ತರುಣರಿಗೆ ಪಾಠ ಹೇಳಿದರು.

ಈ ಅನ್ಯಾಯದ ಸುದ್ದಿಯು ಇಂಗ್ಲಂಡವನ್ನು ಮುಟ್ಟಿತು. ಮೇರಿ ಹಾಬ್‌ಹೌಸ್ ಎಂಬ ಮಹಿಳೆಯು 1888ರಲ್ಲಿ ವೃತ್ತಪತ್ರಿಕೆಯ ಮೂಲಕ ಸಹಾಯವನ್ನು ಯಾಚಿಸಿದರು. ಫ್ಲಾರೆನ್ಸ್ ನೈಟಿಂಗೇಲ್, ಸರ್ ವಿಲಿಯಂ ವೆಡ್ಡರ್‌ಬರ್ನ್ ಮೊದಲಾದವರು ಹಣ ಕೂಡಿಸಿ ಕೊಟ್ಟರು. ಸರಕಾರವು ಕೊಡದುದನ್ನು ಹೀಗೆ ಸ್ನೇಹಿತರು ಕೊಡಲಾಗಿ, 1889ರಲ್ಲಿ ಕಾರ್ನೇಲಿಯಾ ಅವರು ಆಕ್ಸಫರ್ಡಿನ ಸೋಮರ್‌ವಿಲ್ ಹಾಲನ್ನು ಸೇರಿ ಕಾನೂನನ್ನು ಅಭ್ಯಸಿಸಿದರು. 1892ರಲ್ಲಿ ವಿಶ್ವವಿದ್ಯಾನಿಲಯದ ವಿಶೇಷ ಅಪ್ಪಣೆಯಿಂದ ಬಿ.ಸಿ.ಎಲ್. ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ಅಲ್ಲಿ ಆ ಪರೀಕ್ಷೆಗೆ ಕುಳಿತ ಮೊದಲ ಮಹಿಳೆ ಅವರೇ. ಪರೀಕ್ಷೆ ಮುಗಿದರೂ ಪದವಿಯು ಕೈಗೆ ಬರಲಿಲ್ಲ. ಆಕ್ಸಫರ್ಡ್ ಸ್ತ್ರೀಯರಿಗೆ ಪದವಿ ಕೊಡಲಾರಂಭಿಸಿದುದು 1920ರಲ್ಲಿ. ಮೂವತ್ತು ವರ್ಷ ಕಾದು, 1922ರಲ್ಲಿ ಅವರು ಅದನ್ನು ಸ್ವೀಕರಿಸಿದರು.

1894ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೂ ಇದೇ ಕಥೆ. ಮುಂಬಯಿಯ ಎಲ್‌ಎಲ್.ಬಿ. ಪರೀಕ್ಷೆಯನ್ನೂ 1899ರಲ್ಲಿ ಅಲಹಾಬಾದ ಹೈಕೋರ್ಟಿನ ವಕೀಲಿ ಪರೀಕ್ಷೆಯನ್ನೂ ಕೊಟ್ಟರೂ ನ್ಯಾಯಾಲಯದಲ್ಲಿ ವಾದಿಸುವ ಅಧಿಕಾರವು ಸಿಕ್ಕಲಿಲ್ಲ. ಪರದೆಯೊಳಗೆ ಬಾಳುತ್ತ, ಪರಪುರುಷರೊಡನೆ ಮಾತಾಡಲಾರದೆ, ತಮ್ಮ ಆಸ್ತಿಯನ್ನು ಕಾಪಾಡಿಕೊಳ್ಳಲಾರದೆ ಇದ್ದ ಮನೆತನಸ್ಥ ವಿಧವೆಯರ ಸೇವೆಗೆ ಅವರು ತಮ್ಮ ಕಾನೂನು ಜ್ಞಾನವನ್ನು ಮುಡಿಪಾಗಿಟ್ಟರು. 1904ರಲ್ಲಿ ಬಂಗಾಲದ ಕೋರ್ಟ್ ಆಫ್ ವಾರ್ಡ್ಸ್ ಇಲಾಖೆಯಲ್ಲಿ ಅವರಿಗೆ ಅಧಿಕಾರ ಸ್ಥಾನ ದೊರೆಯಿತು. ಅವರಿಂದ ನೆರವು ಪಡೆದ ಸ್ತ್ರೀಯರೂ ಅನಾಥ ಮಕ್ಕಳೂ 600ಕ್ಕೆ ಮೇಲ್ಪಟ್ಟಿದ್ದರೆಂದು ಹೇಳುತ್ತಾರೆ. 1923ರಲ್ಲಿ ಕಾನೂನು ಬದಲಾಗಿ ಸ್ತ್ರೀಯರಿಗೆ ವಕೀಲಿ ವೃತ್ತಿಯು ತೆರೆಯಲಾಗಿ, ಐವತ್ತೇಳನೆಯ ವಯಸ್ಸಿನ ಸುಮಾರಿಗೆ ಕಲಕತ್ತೆಯಲ್ಲಿ ವಕೀಲರಾದರು.

ಅವರ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಬೇಕಾಗಿಲ್ಲ. ಸ್ವರಾಜ್ಯದ ಚಳವಳಿಯನ್ನು ಅವರು ಮೆಚ್ಚಲಿಲ್ಲ. ಇದರಿಂದ ದೇಶಬಾಂಧವರ ಪ್ರೀತಿಯನ್ನು ಕಳಕೊಂಡರು. 1954ನೆಯ ಜುಲೈ 6ರಂದು ಲಂಡನ್ನಿನಲ್ಲಿ ಅವರು ಮರಣ ಹೊಂದಿದರು. ಆದರೂ ಮುಚ್ಚಿದ ಬಾಗಿಲನ್ನು ತಟ್ಟುತ್ತಲೇ ಇದ್ದ ಅವರ ಧೈರ್ಯಕ್ಕೆ ಓದುವ ಹೆಣ್ಣುಮಕ್ಕಳೆಲ್ಲರೂ ಋಣಿಗಳು.

ಈಗ ಆ ಬಾಗಿಲು ಹೇಗಿದೆಯೆಂದು ನೋಡೋಣ. ಕಾಲೇಜು ವಿದ್ಯಾರ್ಥಿಗಳಿಗಾಗಿ ಭಾರತ ಸರಕಾರವು 2008ರಲ್ಲಿ ಆರಂಭಿಸಿದ ಯೋಜನೆಯಲ್ಲಿ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನಗಳು ನಿಗದಿಯಾದವು. ಅವುಗಳಲ್ಲಿ ಅರ್ಧವು ಹೆಣ್ಣುಮಕ್ಕಳಿಗೇ ಮೀಸಲು. ಪಿ.ಯು.ಸಿ. ಪರೀಕ್ಷೆಯಲ್ಲಿ ತನ್ನ ವಿಭಾಗದವರ ಪೈಕಿ ಮೇಲಣ ನೂರಕ್ಕೆ ಇಪ್ಪತ್ತರೊಳಗೆ ಬಂದಿರಬೇಕು, ಕುಟುಂಬದ ವಾರ್ಷಿಕ ವರಮಾನವು 4.5 ಲಕ್ಷ ರೂಪಾಯಿಗಳನ್ನು ಮೀರಿರಬಾರದು, ಬೇರೆ ವಿದ್ಯಾರ್ಥಿವೇತನವನ್ನು ಪಡೆಯುತ್ತಿರಬಾರದು ಎಂಬಿವು ಅದರ ಮುಖ್ಯ ನಿಬಂಧನೆಗಳು. ಮರುವರ್ಷವೂ ವೇತನವು ಮುಂದುವರಿಯಬೇಕಾದರೆ ನೂರಕ್ಕೆ 50 ಅಂಕಗಳೂ 75 ಹಾಜರಿಯೂ ಬೇಕು. ಇದಲ್ಲದೆ ಪರಿಶಿಷ್ಟರಿಗೂ ಹಿಂದುಳಿದವರಿಗೂ ಅಲ್ಪಸಂಖ್ಯಾತರಿಗೂ ನಮ್ಮ ರಾಜ್ಯದ ಸಹಾಯಗಳಿವೆ.

ಕಾರ್ನೇಲಿಯಾ ಅವರಿಗೆ ನಿಯಮವೇ ಅಡ್ಡಬಂದಿತು. ನಮ್ಮ ಮಕ್ಕಳಿಗೆ ಅಡ್ಡಬರುವುದು ಬಹುಮಟ್ಟಿಗೆ ನಮ್ಮ ಅಲಕ್ಷ್ಯವೇ. ಚಂದಗುಳಿಯ ಕಡೆಯ ತೋಟದ ಮನೆಗಳಿಂದ ಓದಲು ಬಂದ ಹುಡುಗಿಯರಲ್ಲಿ ಅಂಕಗಳಿದ್ದೂ ವೇತನವನ್ನು ಕಳಕೊಂಡವರನ್ನು ನಾನು ಕಂಡಿದ್ದೇನೆ. ಒಬ್ಬಳ ತಂದೆಯು ಅಡಿಕೆ ಕೊಯ್ಲು ಮುಗಿಯಲೆಂದು ವರಮಾನದ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗುವುದನ್ನು ಮುಂದೂಡಿದನು. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನವು ದಾಟಿತು. ಇನ್ನೊಬ್ಬಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರದೆ, ಮಂಜೂರಾದ ಹಣವು ಬರಲಿಲ್ಲ. ನಾನೂ ಅವರನ್ನು ಕರೆದು ಸಕಾಲದಲ್ಲಿ ವಿಚಾರಿಸಲಿಲ್ಲವೆಂಬ ವ್ಯಥೆಯು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆದುದರಿಂದ ತಾಯ್ತಂದೆಗಳೇ, ಪರೀಕ್ಷಾಫಲವು ಬರುವ ಮೊದಲೇ ಪ್ರಮಾಣಪತ್ರಗಳನ್ನು ಸಿದ್ಧಪಡಿಸಿರಿ. ಮಗಳ ಹೆಸರು ಎಲ್ಲ ಕಾಗದಗಳಲ್ಲಿಯೂ ಒಂದೇ ವಿಧವಾಗಿದೆಯೋ ನೋಡಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ನಿಮ್ಮ ಊರುಗಳಲ್ಲಿ ಒಬ್ಬೊಬ್ಬ ಹುಡುಗಿಯ ಅರ್ಜಿಯನ್ನಾದರೂ ಕುಳಿತು ತುಂಬಿಸಿಕೊಡಿರಿ. ಅಂದು ದೂರದೇಶದ ಮಹಿಳೆಯರು ಅಪರಿಚಿತಳಾದ ಒಬ್ಬ ವಿದ್ಯಾರ್ಥಿನಿಗಾಗಿ ಹಣ ಕೂಡಿಸಿದರು. ನಮ್ಮವರಿಗಾಗಿ ನಾವು ಇಷ್ಟು ಶ್ರಮವನ್ನಾದರೂ ವಹಿಸದಿರಬಹುದೇ? ತೆರೆದ ಬಾಗಿಲಿನ ಮುಂದೆ ನಮ್ಮ ಮಗಳೊಬ್ಬಳೂ ನಿಂತು ಹಿಂದಿರುಗದಂತೆ ದೇವರು ನಮಗೆ ಎಚ್ಚರವನ್ನು ದಯಪಾಲಿಸಲಿ.