ಆಟೋ ಸ್ಟಿಕ್ಕರ್ ಆಚೆಗಿನ ಶಂಕ್ರಣ್ಣ

ಆಟೋ ಹಿಂದೆ ಅಂಟಿಸಿರೋ ಶಂಕರ್‌ನಾಗ್ ಫೋಟೋನ ನಾವೆಲ್ಲ ದಿನಾ ನೋಡ್ತೀವಿ. ಅದು 'ಆಟೋ ರಾಜ'ದ ಹೀರೋ. ಕ್ಯಾಮೆರಾ ಹಿಂದೆ ನಿಂತಿದ್ದ ಶಂಕ್ರಣ್ಣನ ಪರಿಚಯ ನಮ್ಮ ಬ್ಯಾಚುಗಳಿಗೆ ಅಷ್ಟಾಗಿ ಇಲ್ಲ.

1954ರಲ್ಲಿ ಹುಟ್ಟಿ, ಮುಂಬೈನ ಮರಾಠಿ ರಂಗಭೂಮಿಯಲ್ಲಿ ಪಳಗಿದ ಅವರು 1978ರಲ್ಲಿ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಚಿತ್ರದಿಂದ ನಟರಾದರು. ಎರಡೇ ವರ್ಷಕ್ಕೆ 'ಮಿಂಚಿನ ಓಟ' ನಿರ್ದೇಶಿಸಿದರು. ಕಾರು ಕಳ್ಳರ ಕಥೆ. ಅಣ್ಣ ಅನಂತ್‌ನಾಗ್ ಜೊತೆ ತಾವೂ ಕಳ್ಳ!

ನನ್ನ ಪ್ರಕಾರ ಅವರ ಬೆಸ್ಟ್ ಅಂದ್ರೆ 1985ರ 'ಆಕ್ಸಿಡೆಂಟ್'. ಅಮಲಿನಲ್ಲಿ ಕಾರು ಓಡಿಸೋ ರಾಜಕಾರಣಿ ಮಗ ಫುಟ್‌ಪಾತ್‌ನಲ್ಲಿ ಮಲಗಿದ್ದವರ ಮೇಲೆ ಹತ್ತಿಸಿಬಿಡ್ತಾನೆ. ಕೊಂದವನು ಯಾರು ಅಂತ ನಮಗೆ ಶುರುವಿನಲ್ಲೇ ಗೊತ್ತು. ಥ್ರಿಲ್ಲರ್‌ನ ದೊಡ್ಡ ಗುಟ್ಟನ್ನೇ ಮೊದಲು ಬಿಟ್ಟುಕೊಟ್ಟರೆ ಉಳಿಯೋದೇನು? ಅವನಿಗೆ ಶಿಕ್ಷೆ ಆಗುತ್ತೋ ಇಲ್ವೋ ಅನ್ನೋದು. ಆ ಒಂದು ಪ್ರಶ್ನೆಯೇ ನಮ್ಮನ್ನ ಕೊನೆತನಕ ಕೂರಿಸುತ್ತೆ. ಅಪ್ಪನಾಗಿ ಅನಂತ್, ಬೆನ್ನು ಬಿಡದ ಪತ್ರಕರ್ತನಾಗಿ ಶಂಕರ್. ಸಂಗೀತ ಇಳಯರಾಜ ಅವರದ್ದು, ಆದ್ರೂ ಒಂದೂ ಹಾಡಿಲ್ಲ. ಆ ಕಾಲಕ್ಕೆ ಅದಕ್ಕೂ ಗುಂಡಿಗೆ ಬೇಕಿತ್ತು. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಆಮೇಲೆ ಇದೇ ಮನುಷ್ಯ ಆಗುಂಬೆಗೆ ಹೋಗಿ, ಆರ್.ಕೆ. ನಾರಾಯಣ್ ಕಥೆಗಳನ್ನಿಟ್ಟುಕೊಂಡು ದೂರದರ್ಶನಕ್ಕೆ 'ಮಾಲ್ಗುಡಿ ಡೇಸ್' ಮಾಡಿದರು. ಅಲ್ಲಿ ಕಾರ್ ಚೇಸ್ ಇಲ್ಲ, ಹೆಡ್‌ಮಾಸ್ಟರ್ ಬೆತ್ತಕ್ಕೆ ಹೆದರಿ ಓಡೋ ಸ್ವಾಮಿ ಇದ್ದಾನೆ. ನಮ್ಮ ಎದೆ ಮಾತ್ರ ಅಷ್ಟೇ ಜೋರಾಗಿ ಬಡ್ಕೊಳ್ಳುತ್ತೆ.

1990ರ ಸೆಪ್ಟೆಂಬರ್ 30. ಶೂಟಿಂಗಿಗೆ ಹೊರಟಿದ್ದ ಅವರ ಕಾರು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತಕ್ಕೀಡಾಯಿತು. ಅವರ 36ನೇ ಹುಟ್ಟುಹಬ್ಬಕ್ಕೆ ಇನ್ನೂ 40 ದಿನ ಇತ್ತು.