ಆಗಸ್ಟ್ ಬೀರ್

ಹುಲಗೂರಿನ ರೈತನೊಬ್ಬನು ಅಂಡವಾಯುವಿನ ಶಸ್ತ್ರಚಿಕಿತ್ಸೆಗೆಂದು ಹುಬ್ಬಳ್ಳಿಯ ಆಸ್ಪತ್ರೆಯನ್ನು ಸೇರಿದನೆನ್ನಿ. ವೈದ್ಯರು ಅವನ ಬೆನ್ನಿಗೆ ತೆಳುವಾದ ಸೂಜಿಯನ್ನು ಚುಚ್ಚಿ ಮದ್ದು ಕೊಡುವರು. ಕೆಲವೇ ನಿಮಿಷಗಳಲ್ಲಿ ಸೊಂಟದಿಂದ ಕೆಳಗೆ ನೋವಿನ ಅರಿವು ಉಳಿಯದು. ಎಚ್ಚರ ಮಾತ್ರ ತಪ್ಪದು. ಈ ಕ್ರಮವನ್ನು ಶಸ್ತ್ರಚಿಕಿತ್ಸೆಯಲ್ಲಿ ನೆಲೆಗೊಳಿಸಿದವರು ಜರ್ಮನಿಯ ಶಸ್ತ್ರವೈದ್ಯ ಆಗಸ್ಟ್ ಬೀರ್.

ಬೀರ್ 1861ರ ನವೆಂಬರ್ 24ರಂದು ಹೆಲ್ಸೆನ್ ಎಂಬಲ್ಲಿ ಜನಿಸಿದರು. ಕೀಲ್ ನಗರದಲ್ಲಿ ಪ್ರಸಿದ್ಧ ಶಸ್ತ್ರವೈದ್ಯ ಎಸ್ಮಾರ್ಕ್ ಅವರ ಬಳಿ ಪಳಗಿದರು. ಆಗ ಕ್ಲೋರೋಫಾರ್ಮನ್ನೋ ಈಥರನ್ನೋ ಮೂಸಿಸಿ ರೋಗಿಯ ಎಚ್ಚರ ತಪ್ಪಿಸುವುದು ರೂಢಿಯಾಗಿತ್ತು. ಹಾಗೆ ಮಲಗಿದವರಲ್ಲಿ ಕೆಲವರು ಮತ್ತೆ ಕಣ್ತೆರೆಯುತ್ತಿರಲಿಲ್ಲ. ಕೀಲ್‌ನಲ್ಲಿಯೇ ಇದ್ದ ಕ್ವಿಂಕೆ ಎಂಬ ವೈದ್ಯರು ಬೆನ್ನುಹುರಿಯ ಸುತ್ತಲಿನ ದ್ರವವನ್ನು ಸೂಜಿಯಿಂದ ಹೊರತೆಗೆಯುವ ಬಗೆಯನ್ನು 1891ರಲ್ಲಿ ತೋರಿಸಿಕೊಟ್ಟಿದ್ದರು. ಅದೇ ದಾರಿಯಲ್ಲಿ ಮದ್ದನ್ನು ಒಳಗೆ ಕಳುಹಿಸಲು ಬೀರ್ ಮುಂದಾದರು.

1898ರ ಆಗಸ್ಟ್ 16ರಂದು ಕಾಲಿನ ಹರಡಿಗೆ ಕ್ಷಯ ತಗಲಿದ್ದ 34 ವರ್ಷದ ಕೂಲಿಕಾರನೊಬ್ಬನಿಗೆ ಅವರು 15 ಮಿಲಿಗ್ರಾಂ ಕೊಕೇನ್ ಕೊಟ್ಟು, ನೋವಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಿದರು. ಆದರೆ ಅನಂತರ ಅವನಿಗೆ ತಲೆನೋವು, ವಾಂತಿಗಳು ಕಾಣಿಸಿಕೊಂಡವು. ಇದರ ನಿಜವನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಬೇಕೆಂದು ಬೀರ್ ನಿಶ್ಚಯಿಸಿದರು. ಆಗಸ್ಟ್ 24ರಂದು ಸಹಾಯಕ ಹಿಲ್ಡೆಬ್ರಾಂಟ್ ಅವರ ಬೆನ್ನಿಗೆ ಸೂಜಿ ಚುಚ್ಚಿದರು. ಪಿಚಕಾರಿಯ ತುದಿ ಸೂಜಿಗೆ ಹೊಂದಲಿಲ್ಲ! ಮದ್ದು ಹೊರಚೆಲ್ಲಿತು, ಒಳಗಿನ ದ್ರವವೂ ಬಹಳಷ್ಟು ಸೋರಿತು. ಒಡನೆಯೇ ಹಿಲ್ಡೆಬ್ರಾಂಟ್ ತಾವೇ ಪರೀಕ್ಷೆಗೆ ಒಪ್ಪಿಕೊಂಡರು. ಈ ಸಲ ಮದ್ದು ಸರಿಯಾಗಿ ಸೇರಿತು. ಬೀರ್ ಅವರ ಕಾಲಿಗೆ ಸೂಜಿ ಚುಚ್ಚಿದರು, ಉರಿಯುವ ಸಿಗಾರನ್ನು ಒತ್ತಿದರು, ಕಣಕಾಲಿನ ಮೂಳೆಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದರು. ನೋವೆಂಬುದೇ ಇರಲಿಲ್ಲ. ಅಂದು ಇಬ್ಬರೂ ಸಂತೋಷದಿಂದ ಊಟ ಮಾಡಿದರು. ಮದ್ದಿನ ಬಲ ಇಳಿದ ಮೇಲೆ ಹಿಲ್ಡೆಬ್ರಾಂಟ್ ಅವರಿಗೆ ವಾಂತಿ, ತಲೆನೋವು, ಪೆಟ್ಟುಬಿದ್ದಲ್ಲೆಲ್ಲ ಬಾವು. ಬೀರ್ ಅವರಂತೂ ತಲೆಯೆತ್ತಲಾರದೆ ಒಂಬತ್ತು ದಿನ ಹಾಸಿಗೆ ಹಿಡಿದರು. ಸೂಜಿಯ ರಂಧ್ರದಿಂದ ದ್ರವ ಸೋರುವುದೇ ಈ ತಲೆನೋವಿಗೆ ಕಾರಣ.

ಬೀರ್ ಈ ಎಲ್ಲ ತೊಂದರೆಗಳನ್ನೂ ಮುಚ್ಚಿಡದೆ 1899ರಲ್ಲಿ ಪ್ರಕಟಿಸಿದರು. ಹೊಸ ಕ್ರಮಕ್ಕೆ ಲೋಕವೇ ಮುಗಿಬಿದ್ದಾಗ, ಕೊಕೇನ್ ವಿಷಕರವೆಂದು ಎಚ್ಚರಿಸಿ ತಾವೇ ಹಿಂದೆ ಸರಿದರು. ಕೀರ್ತಿ ಕೈಗೆ ಬಂದಾಗ ಹಾಗೆ ಸರಿಯುವುದು ಸುಲಭವಲ್ಲ. ಅಷ್ಟು ವಿಷಕರವಲ್ಲದ ಪ್ರೋಕೇನ್ ಮೊದಲಾದ ಮದ್ದುಗಳು ಬಂದ ಮೇಲೆಯೇ ಅವರು ಮತ್ತೆ ಆ ಕೆಲಸವನ್ನು ಕೈಗೆತ್ತಿಕೊಂಡರು. 1908ರಲ್ಲಿ ಪ್ರೋಕೇನನ್ನೇ ಬಳಸಿ, ಪಟ್ಟಿ ಬಿಗಿದ ಕೈಯ ರಕ್ತನಾಳಕ್ಕೆ ಮದ್ದು ಕೊಡುವ ಇನ್ನೊಂದು ಕ್ರಮವನ್ನೂ ಕಂಡುಹಿಡಿದರು.

ತಕ್ಕ ಮದ್ದು ಯಾವುದೆಂಬ ಪ್ರಶ್ನೆ ಬೀರ್ ಅವರೊಡನೆ ಮುಗಿಯಲಿಲ್ಲ. ಸ್ವೀಡನ್ನಿನಲ್ಲಿ 1943ರಲ್ಲಿ ಸಿದ್ಧವಾದ ಲಿಡೋಕೇನ್ ಬೇಗ ಹಿಡಿದು ಬೇಗ ಬಿಡುವುದು. ಆದರೆ ಕೆಲವರಿಗೆ ಮರುದಿನ ಪೃಷ್ಠ ಮತ್ತು ತೊಡೆಗಳಲ್ಲಿ ನೋವು ತರುವುದು. 1957ರಲ್ಲಿ ಬಂದ ಬ್ಯುಪಿವಕೇನ್‌ನಿಂದ ಆ ನೋವು ವಿರಳ. ಅದರ ಬಲ ಎರಡು ಮೂರು ಗಂಟೆ ನಿಲ್ಲುವುದರಿಂದ ದೊಡ್ಡ ಚಿಕಿತ್ಸೆಗಳಿಗೆ ಅನುಕೂಲ. ಅರ್ಧ ಗಂಟೆಯ ಸಣ್ಣ ಚಿಕಿತ್ಸೆಗೆ ಮಾತ್ರ ಅದು ಹೆಚ್ಚಾಯಿತು. ರೋಗಿ ಎದ್ದು ನಡೆಯಲು, ಮೂತ್ರ ವಿಸರ್ಜಿಸಲು ತಡವಾಗುವುದು. ಅಂಥಲ್ಲಿ ಅದರ ಪ್ರಮಾಣವನ್ನು ತಗ್ಗಿಸುವರು, ಇಲ್ಲವೆ ಬೇಗ ಇಳಿಯುವ ಕ್ಲೋರೋಪ್ರೋಕೇನ್ ಕೊಡುವರು.

ಬೀರ್ 1907ರಲ್ಲಿ ಬರ್ಲಿನ್ನಿಗೆ ಬಂದು, 1932ರವರೆಗೆ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಸಾವೆನ್ ಎಂಬ ಹಳ್ಳಿಯಲ್ಲಿ 1912ರಲ್ಲಿಯೇ ಅವರು ಜಮೀನು ಕೊಂಡಿದ್ದರು. ಬರಿಯ ಪೈನ್ ಮರಗಳಿದ್ದ ಆ ಮರಳು ನೆಲದಲ್ಲಿ ಬಗೆಬಗೆಯ ಎಲೆಮರಗಳನ್ನು ನೆಟ್ಟು ಮಿಶ್ರಾರಣ್ಯವನ್ನು ಬೆಳೆಸಿದರು. 1949ರ ಮಾರ್ಚ್ 12ರಂದು ಅಲ್ಲಿಯೇ ತೀರಿಕೊಂಡರು.