ಪತಂಗಗಳ ಹಿಂದೆ ಹೋದ ಮೇಷ್ಟ್ರು

ಫ್ರಾನ್ಸಿನ ಝಾನ್ ಹೆನ್ರಿ ಫಾಬ್ರ್ (1823–1915) ಬಡ ಕುಟುಂಬದಲ್ಲಿ ಹುಟ್ಟಿ ಶಿಕ್ಷಕರಾದವರು. ಹೆಣ್ಣುಮಕ್ಕಳಿಗೆ ಹೂವಿನ ಪರಾಗಸ್ಪರ್ಶದ ಪಾಠ ಹೇಳಿದ್ದಕ್ಕೆ ಆವಿನ್ಯೋನ್ ನಗರದ ಸಂಪ್ರದಾಯಸ್ಥರು ಕೆರಳಿದರು. ಕೆಲಸ ಹೋಯಿತು, ಬಾಡಿಗೆ ಮನೆಯೂ ಹೋಯಿತು. ಕೀಟಗಳ ಅಧ್ಯಯನವನ್ನು ಮಾತ್ರ ಅವರು ಬಿಡಲಿಲ್ಲ.

ಒಂದು ಮೇ ತಿಂಗಳ ಬೆಳಿಗ್ಗೆ ಗೂಡಿನಿಂದ ಹೊರಬಂದ ದೊಡ್ಡ ಹೆಣ್ಣು ಪತಂಗವನ್ನು ತಂತಿಬಲೆಯಡಿ ಇಟ್ಟರು. ಆ ರಾತ್ರಿ ಸುಮಾರು 40 ಗಂಡು ಪತಂಗಗಳು ಮನೆಗೆ ನುಗ್ಗಿದವು! ಹೆಣ್ಣನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಒಂದೂ ಸುಳಿಯಲಿಲ್ಲ. ವರ್ಷಗಳ ಪರೀಕ್ಷೆಯ ನಂತರ, ಮನುಷ್ಯರ ಮೂಗಿಗೆ ತಿಳಿಯದ ವಾಸನೆಯೇ ಇದಕ್ಕೆ ಕಾರಣವೆಂದು ಬಗೆದರು.

ಅವರ ಊಹೆ ಸರಿಯಾಗಿತ್ತು. 1959ರಲ್ಲಿ ಜರ್ಮನಿಯ ಬುಟೆನಾಂಟ್ ಸುಮಾರು 5 ಲಕ್ಷ ರೇಷ್ಮೆ ಪತಂಗಗಳಿಂದ ಅಂಥ ವಸ್ತುವೊಂದನ್ನು ಬೇರ್ಪಡಿಸಿದರು. ಗಂಡಿನ ಗರಿಯಂಥ ಕುಡಿಮೀಸೆ ಅದನ್ನು ಹಿಡಿದು, ಮಿದುಳಿನಲ್ಲಿ ಇದಕ್ಕೆಂದೇ ಇರುವ ಭಾಗಕ್ಕೆ ಸುದ್ದಿ ಮುಟ್ಟಿಸುತ್ತದೆ.